ಹೂದಾನಿಯ ಒಳಗೆ ಉಳಿ ಕಚ್ಚಿಕೊಳ್ಳುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹಲಸಿನ_ತುಂಡು:
ನಮಸ್ಕಾರ. ಲೇತ್‌ನಲ್ಲಿ (ಮರವನ್ನು ತಿರುಗಿಸುತ್ತಾ ಕಡೆಯುವ ಯಂತ್ರ) ಹಲಸಿನ ಮರದ ಹೂದಾನಿ ಕಡೆಯುತ್ತಿದ್ದೇನೆ. 7 ಇಂಚು ಎತ್ತರ, 5 ಇಂಚು ಅಗಲ, ಬಾಯಿ ಮಾತ್ರ 2 ಇಂಚು. ಹೊರಮೈ ಚೆನ್ನಾಗಿ ಬಂತು. ಒಳಗೆ ಕೊರೆಯಲು ಉಳಿ ನಾನೇ ಮಾಡಿಕೊಂಡೆ. ಮನೆ ಕಟ್ಟಿದಾಗ ಉಳಿದಿದ್ದ 12 ಮಿ.ಮೀ. ಕಂಬಿಯ ತುದಿಗೆ ತೂತು ಕೊರೆದು, ಎಚ್‌ಎಸ್‌ಎಸ್ ಬಿಟ್ (ಗಟ್ಟಿ ಉಕ್ಕಿನ ಕತ್ತರಿಸುವ ತುಂಡು) ಕೂರಿಸಿ, ಗ್ರಬ್ ಸ್ಕ್ರೂ (ತಲೆಯಿಲ್ಲದ ತಿರುಪು) ಬಿಗಿದೆ. ಮೊದಲ 3 ಇಂಚು ಏನೂ ತೊಂದರೆ ಇರಲಿಲ್ಲ. ಆಮೇಲೆ ಗಡಗಡ ನಡುಕ. ನಿನ್ನೆ ಉಳಿ ಕಚ್ಚಿಕೊಂಡು ಹಿಡಿ ಕೈಯಲ್ಲೇ ತಿರುಗಿಬಿಟ್ಟಿತು, ಮಣಿಕಟ್ಟು ಇನ್ನೂ ನೋಯುತ್ತಿದೆ. ಹಳೇ ಅರ ಒಂದಿದೆ, ಅದನ್ನೇ ಉಜ್ಜಿ ಉಳಿ ಮಾಡಿಕೊಳ್ಳಲಾ?

ಗರಗಸ_ಮಾಮ:
ಅರ ಬೇಡವೇ ಬೇಡ. ಅದು ಬಾಗುವುದಿಲ್ಲ, ಪಟ್ ಅಂತ ಮುರಿಯುತ್ತದೆ. ತುಂಡು ಮುಖಕ್ಕೇ ಹಾರಬಹುದು. ನಿಮ್ಮ ಬಿಟ್ ಮೊಂಡಾಗಿರಬೇಕು, ಸಾಣೆ ಹಿಡಿದು ನೋಡಿ.

ಹಲಸಿನ_ತುಂಡು:
ಮೂರು ಸಲ ಸಾಣೆ ಹಿಡಿದೆ ಮಾಮ, ಅದೇ ಕಥೆ. ಬಿಟ್ ಓರೆಯಾಗಿ ಒಂದು ಇಂಚು ಹೊರಗೆ ಚಾಚಿದೆ. ತುದಿಯನ್ನು ನಡುಮಟ್ಟಕ್ಕಿಂತ (ಮರ ತಿರುಗುವ ನಡುಗೆರೆಯ ಎತ್ತರ) ಸ್ವಲ್ಪ ಕೆಳಗೆ ಇಟ್ಟಿದ್ದೇನೆ. ಹೊರಗೆ ಕೆರೆಯುವಾಗ ಹಾಗೇ ಇಡುತ್ತೇನೆ, ಅಲ್ವಾ?

ಲೇತ್_ಹುಚ್ಚ:
ಸಿಕ್ಕಿತು ನೋಡಿ. ಹೊರಗಿನ ಲೆಕ್ಕ ಒಳಗೆ ಉಲ್ಟಾ.

ಒಂದು ಗಡಿಗೆಯನ್ನು ಮಲಗಿಸಿ ಬಾಯಿಯಿಂದ ಒಳಗೆ ನೋಡಿ. ನಡುಮಟ್ಟದಲ್ಲಿ ಜಾಗ ಅಗಲ. ಅಲ್ಲಿಂದ ಕೆಳಗೆ ಹೋದಷ್ಟೂ ಗೋಡೆ ಒಳಕ್ಕೆ ಬರುತ್ತದೆ. ನಿಮ್ಮ ಕಡೆ ತಿರುಗಿ ಬರುವ ಮರ ಉಳಿಯನ್ನು ಯಾವಾಗಲೂ ಕೆಳಕ್ಕೇ ಒತ್ತುತ್ತದೆ. ತುದಿ ನಡುಮಟ್ಟಕ್ಕಿಂತ ಕೆಳಗಿದ್ದರೆ, ಕಂಬಿ ಬಾಗಿದಂತೆಲ್ಲ ಅದು ಗೋಡೆಗೆ ಇನ್ನಷ್ಟು ಹೂತುಕೊಳ್ಳುತ್ತದೆ. ಹೂತಂತೆಲ್ಲ ಇನ್ನೂ ಬಾಗುತ್ತದೆ. ಮೇಲಿದ್ದರೆ, ಬಾಗಿದಾಗ ಅಗಲದ ಕಡೆಗೆ ಜಾರಿ ತಾನೇ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಟೂಲ್ ರೆಸ್ಟ್ (ಉಳಿ ಊರುವ ಆಧಾರ) ಏರಿಸಿ. ತುದಿ 2–3 ಮಿ.ಮೀ. ಮೇಲಿರಲಿ, ಹಿಡಿ ಅದಕ್ಕಿಂತ ತುಸು ಎತ್ತರದಲ್ಲಿರಲಿ.

ಇನ್ನು ಆ ಕಂಬಿ. ದಯವಿಟ್ಟು ಅದನ್ನು ಹೂವಿನ ಬಳ್ಳಿಗೆ ಊರುಗೋಲು ಮಾಡಿ. ಅದರ ಮೈಮೇಲಿನ ಏಣುಗಳು ಟೂಲ್ ರೆಸ್ಟ್ ಮೇಲೆ ಒಂದೊಂದಾಗಿ ಹತ್ತಿ ಇಳಿಯುತ್ತವೆ, ನಡುಕ ಅಲ್ಲೇ ಶುರು. ಕಬ್ಬಿಣದ ಅಂಗಡಿಯಲ್ಲಿ 16 ಮಿ.ಮೀ. ಬ್ರೈಟ್ ಬಾರ್ (ನುಣುಪಾದ ದುಂಡು ಉಕ್ಕಿನ ಸರಳು) ಕೇಳಿ. 12ಕ್ಕಿಂತ ಅದು ಮೂರು ಪಟ್ಟು ಗಟ್ಟಿ. ರೆಸ್ಟ್‌ನಿಂದ 3 ಇಂಚು ಚಾಚಿದ್ದು 6 ಇಂಚಾದರೆ, ಅಷ್ಟೇ ಒತ್ತಡಕ್ಕೆ ಎಂಟು ಪಟ್ಟು ಬಾಗುತ್ತದೆ. ನಿಮಗೆ ಮೊದಲ 3 ಇಂಚು ಸಲೀಸಾಗಿದ್ದು ಅದಕ್ಕೇ.

ಹಿಡಿ ತಿರುಗಿದ್ದು ಬಿಟ್ ಪಕ್ಕಕ್ಕೆ ಜಾಸ್ತಿ ಚಾಚಿದ್ದರಿಂದ. 10 ಮಿ.ಮೀ. ಸಾಕು. ಗೋಡೆ ಬಿಟ್‌ಗೆ ಎಟುಕದಿದ್ದರೆ ಮಾತ್ರ ಉದ್ದ ಮಾಡಿ. ತುದಿ ಸಣ್ಣ ಉಗುರಿನ ಹಾಗೆ ದುಂಡಗಿರಲಿ, ಅಗಲ ಮಾಡಿದರೆ ಮತ್ತೆ ನಡುಕ. ಹಿಡಿಗೆ ಎರಡು ಅಡಿ ಪೈಪ್ ಹಾಕಿ ಕಂಕುಳಲ್ಲಿ ಅವುಚಿಕೊಳ್ಳಿ.

ಗರಗಸ_ಮಾಮ:
ಸರಿ, ನನ್ನ ಊಹೆ ತಪ್ಪಾಯಿತು. ಆದರೆ ಮರದ ಹೊಟ್ಟಿನ ವಿಷಯ ಯಾರೂ ಹೇಳಲಿಲ್ಲ. ಸಣ್ಣ ಬಾಯಿಯ ಪಾತ್ರೆಯೊಳಗೆ ಅದು ಗಟ್ಟಿಯಾಗಿ ತುಂಬಿಕೊಂಡು ಉಳಿಯನ್ನು ಸಿಕ್ಕಿಸುತ್ತದೆ. ಆಗಾಗ ಲೇತ್ ನಿಲ್ಲಿಸಿ ತೆಗೆಯಿರಿ. ತಿರುಗುವಾಗ ಬೆರಳು ಹಾಕಿದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಅಭ್ಯಾಸಕ್ಕೆ ಹಾಲೆ ಮರ ಸಿಕ್ಕರೆ ನೋಡಿ, ಚನ್ನಪಟ್ಟಣದವರು ಗೊಂಬೆಗೆ ಬಳಸುತ್ತಾರಲ್ಲ, ಅದೇ. ಮೆತ್ತಗಿರುತ್ತದೆ.

ಲೇತ್_ಹುಚ್ಚ:
ಇನ್ನೊಂದು ಮಾತು. ಬಾಯಿ ಕಡೆಯ ಗೋಡೆಯನ್ನು ಮೊದಲೇ ತೆಳು ಮಾಡಿ ಮುಗಿಸಿ, ಆಮೇಲೆ ಒಳಕ್ಕೆ ಹೋಗಿ. ತಳದ ಕಡೆ ಮರ ದಪ್ಪ ಇರುವವರೆಗೂ ಅಲುಗಾಟ ಕಡಿಮೆ. ಹಿಂದೆ ಬಂದು ಮತ್ತೆ ಕೆರೆಯಲು ಹೋಗಬೇಡಿ.

ಹಲಸಿನ_ತುಂಡು:
ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. 16ರ ಬಾರ್ ತಂದೆ, ರೆಸ್ಟ್ ಏರಿಸಿದೆ. ಒಂದು ಸಲವೂ ಕಚ್ಚಲಿಲ್ಲ! ಎಷ್ಟು ಸಲೀಸಾಗಿ ಹೋಯಿತೆಂದರೆ, ಖುಷಿಯಲ್ಲಿ ಕೊರೆಯುತ್ತಾ ಹೋಗಿ ತಳವೇ ತೂತಾಯಿತು. ಈಗ ಅಮ್ಮ ಅದರಲ್ಲಿ ದೊಡ್ಡಪತ್ರೆ ನೆಟ್ಟಿದ್ದಾರೆ.

ಲೇತ್_ಹುಚ್ಚ:
ಮುಂದಿನದಕ್ಕೆ ಮೊದಲು ಡ್ರಿಲ್‌ನಲ್ಲಿ ನಡುವೆ ಒಂದೇ ತೂತು ಕೊರೆಯಿರಿ, ತಳದ ದಪ್ಪ ಬಿಟ್ಟು. ಅಷ್ಟೇ ಅಳತೆಗೆ ಬಾರ್ ಮೇಲೆ ಕೆಂಪು ಟೇಪ್ ಸುತ್ತಿ. ಟೇಪ್ ಬಾಯಿಗೆ ಬಂತೋ, ಕೈ ನಿಲ್ಲಿಸಿ. ನನ್ನ ಮನೆಯಲ್ಲಿ ಅಂಥ ದೊಡ್ಡಪತ್ರೆ ಕುಂಡ ನಾಲ್ಕಿವೆ.