ಜೆಮ್5ಗೆ (ಕಂಪ್ಯೂಟರ್ ಸಿಮ್ಯುಲೇಟರ್) ನಾನೇ ಬಿಲ್ಡ್ ಮಾಡಿದ ಲಿನಕ್ಸ್ ಕರ್ನಲ್ (ಓಎಸ್ ತಿರುಳು) ಕೊಟ್ರೆ ಪ್ಯಾನಿಕ್ ಆಗಿ ನಿಂತೋಗ್ತಿದೆ, ಹೆಲ್ಪ್ ಮಾಡಿ

ಪೊನ್ನಂಪೇಟೆ_ಹುಡುಗ:
ಎಲ್ರಿಗೂ ನಮಸ್ಕಾರ. ಫೈನಲ್ ಇಯರ್ ಪ್ರಾಜೆಕ್ಟಿಗೆ ಲಿನಕ್ಸ್ 5.15ರ ಶೆಡ್ಯೂಲರಲ್ಲಿ (ಯಾವ ಪ್ರೋಗ್ರಾಮ್ ಯಾವಾಗ ಓಡ್ಬೇಕು ಅಂತ ನಿರ್ಧರಿಸೋ ಭಾಗ) ಸ್ವಲ್ಪ ಕೈ ಆಡಿಸಿದೀನಿ, ಅದನ್ನ ಜೆಮ್5 ಫುಲ್ ಸಿಸ್ಟಮ್ ಮೋಡಲ್ಲಿ (ಇಡೀ ಓಎಸ್ ಬೂಟ್ ಆಗೋ ಮೋಡ್) ಎಕ್ಸ್86 ಮೇಲೆ ಓಡಿಸ್ಬೇಕು. ಮೊದ್ಲು ಬಿಜಡ್‌ಇಮೇಜ್ (ಕಂಪ್ರೆಸ್ ಆದ ಕರ್ನಲ್ ಫೈಲು) ಕೊಟ್ಟೆ, ಲೋಡೇ ಆಗ್ಲಿಲ್ಲ. ಆಮೇಲೆ ವಿಎಂಲಿನಕ್ಸ್ (ಕಂಪ್ರೆಸ್ ಆಗದ ಕರ್ನಲ್ ಫೈಲು) ಕೊಟ್ಟೆ, ಬೂಟ್ ಶುರುವಾಯ್ತು, ಖುಷಿ ಪಡೋಷ್ಟ್ರಲ್ಲಿ "ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ 0,0" ಅಂತ (ಅಂದ್ರೆ ರೂಟ್ ಡಿಸ್ಕ್ ಸಿಕ್ಕಿಲ್ಲ) ಬಂದು ಸತ್ತೋಯ್ತು. ಅದೇ ಡಿಸ್ಕ್ ಇಮೇಜು ರೆಡಿಮೇಡ್ 4.19 ಕರ್ನಲ್ ಜೊತೆ ಆರಾಮಾಗಿ ಬರತ್ತೆ! ಕ್ಯೂಎಮುನಲ್ಲಿ (ವೇಗದ ಎಮ್ಯುಲೇಟರ್) ಮುಗ್ಸು ಅಂತಾರೆ ಫ್ರೆಂಡ್ಸು, ಆದ್ರೆ ನಂಗೆ ಬೇಕಿರೋದು ಕ್ಯಾಶ್ ಮಿಸ್ (ಸಿಪಿಯು ಕ್ಯಾಶಲ್ಲಿ ಡೇಟಾ ಸಿಗದಿರೋದು) ಲೆಕ್ಕ, ಪ್ಲಗಿನ್ ಹಾಕ್ದೆ ಕ್ಯೂಎಮು ಅದನ್ನೆಲ್ಲಿ ಕೊಡತ್ತೆ.

ಕಾಫಿ_ಕಣ:
ವಿಎಂಲಿನಕ್ಸ್ ಕೊಟ್ಟಿದ್ದು ಸರಿ, ಜೆಮ್5ಗೆ ಕಂಪ್ರೆಸ್ ಆಗದಿರೋ ಇಎಲ್‌ಎಫ್ ಫೈಲೇ ಬೇಕು. ಕಾನ್ಫಿಗ್ (ಕರ್ನಲ್ ಬಿಲ್ಡ್ ಆಯ್ಕೆಗಳ ಫೈಲು) ಎಲ್ಲಿಂದ ತಗೊಂಡ್ರಿ? ಲ್ಯಾಪ್‌ಟಾಪಿನ ಬೂಟ್ ಫೋಲ್ಡರಿಂದ ಕಾಪಿ ಹೊಡೆದಿದ್ರೆ ಅಲ್ಲೇ ಎಡವಟ್ಟು.

ಪೊನ್ನಂಪೇಟೆ_ಹುಡುಗ:
ಹೌದು ಅಣ್ಣ, ಡೆಬಿಯನ್‌ದು 😬

ಕಾಫಿ_ಕಣ:
ಅಂದ್ಕೊಂಡೆ. ಡೆಬಿಯನಲ್ಲಿ ಎಕ್ಸ್ಟ್4, ಎಸ್‌ಡಿ, ಎಟಿಎ ಪಿಕ್ಸ್ (ಫೈಲ್‌ಸಿಸ್ಟಮ್, ಡಿಸ್ಕ್ ಡ್ರೈವರುಗಳು) ಮೂರೂ 'ಎಂ', ಅಂದ್ರೆ ಮಾಡ್ಯೂಲು, ಕರ್ನಲ್ ಒಳಗಿರದೆ ಬೇರೆ ಫೈಲು. ಲ್ಯಾಪ್‌ಟಾಪಲ್ಲಿ ಇನಿಟ್‌ಆರ್‌ಡಿ (ಬೂಟ್ ಶುರುಲಿ ಮೆಮೊರಿಗೆ ಬರೋ ಪುಟ್ಟ ಡಿಸ್ಕ್) ಅವನ್ನ ಮೊದ್ಲೇ ಲೋಡ್ ಮಾಡತ್ತೆ, ನೀವು ಜೆಮ್5ಗೆ ಇನಿಟ್‌ಆರ್‌ಡಿ ಕೊಟ್ಟಿಲ್ಲ, ಸೋ ಡಿಸ್ಕ್ ಓದೋ ಡ್ರೈವರು ಆ ಡಿಸ್ಕಿನೊಳಗೇ ಕೂತಿರತ್ತೆ, ಬೀಗದ ಕೈ ಮನೆಯೊಳಗಿಟ್ಟು ಬಾಗ್ಲು ಎಳ್ಕೊಂಡಂಗೆ. ಮೂರನ್ನೂ 'ವೈ' (ಕರ್ನಲ್ ಒಳಗೇ) ಮಾಡಿ ಬಿಲ್ಡ್ ಮಾಡಿ.

ವಿರಾಜಪೇಟೆ_ಟಕ್ಸ್:
ಅಷ್ಟಕ್ಕೇ ಮುಗಿಯಲ್ಲ ಮಾರಾಯ. ಜೆಮ್5ನ ಹಳೇ ಸ್ಕ್ರಿಪ್ಟಲ್ಲಿ ರೂಟ್ (ಓಎಸ್ ಇರೋ ಪಾರ್ಟಿಷನ್) ಅಂದ್ರೆ ಎಚ್‌ಡಿಎ1 ಅಂತಿರತ್ತೆ, ಆ ಹೆಸ್ರು ಕೊಡ್ತಿದ್ದ ಹಳೇ ಐಡಿಇ ಡಿಸ್ಕ್ ಡ್ರೈವರನ್ನ 5.14ರಲ್ಲೇ ಕಿತ್ತಾಕಿದಾರೆ, ನಿಂದ್ರಲ್ಲಿ ಎಸ್‌ಡಿಎ1 ಆಗ್ಬೇಕು. ಪ್ಯಾನಿಕ್ ಮೇಲಿನ ಸಾಲುಗಳನ್ನೂ ಓದು, ಪಾರ್ಟಿಷನ್ ಪಟ್ಟಿ ಖಾಲಿ ಇದ್ರೆ ಡ್ರೈವರ್ ಇಲ್ಲ, ಎಸ್‌ಡಿಎ ಕಾಣಿಸಿದ್ರೆ ಹೆಸ್ರು ತಪ್ಪು. ಇನ್ನೊಂದು, ಓ3 ಸಿಪಿಯುನಲ್ಲಿ (ಜೆಮ್5ನ ವಿವರವಾದ, ನಿಧಾನದ ಮಾಡೆಲ್) ಬೂಟ್ ಮಾಡಕ್ಕೋಗ್ಬೇಡ, ಕಾಯ್ತಾ ಕಾಯ್ತಾ ಮುದುಕ ಆಗ್ತಿಯ. ಕೆವಿಎಂ ಅಥ್ವಾ ಅಟಾಮಿಕ್‌ನಲ್ಲಿ (ಎರಡೂ ವೇಗದ ಸಿಪಿಯು ಮಾಡೆಲ್) ಬೂಟ್ ಮಾಡಿ ಚೆಕ್‌ಪಾಯಿಂಟ್ (ಆ ಕ್ಷಣದ ಸ್ಥಿತಿ ಸೇವ್ ಮಾಡೋದು) ತಗೊಂಡು ಅಲ್ಲಿಂದ ಓ3. ಈ ಮಳೇಲಿ ಲೈನ್ ಮೇಲೆ ಸಿಲ್ವರ್ ಓಕ್ ಕೊಂಬೆ ಬಿದ್ರೆ ಕರೆಂಟು ಎರಡು ದಿನ ಬರಲ್ಲ, ಚೆಕ್‌ಪಾಯಿಂಟ್ ಇಲ್ದೆ ಒಂದ್ಸಲ ರಾತ್ರಿಯಿಡೀ ಓಡಿದ್ದು ಹೋಗಿತ್ತು ನಂದು.

ಪೊನ್ನಂಪೇಟೆ_ಹುಡುಗ:
ಬಂತು!! ಡ್ರೈವರ್ 'ವೈ' ಮಾಡಿದ್ಮೇಲೂ ಪ್ಯಾನಿಕ್ಕೇ, ಆದ್ರೆ ಪಟ್ಟಿಲಿ ಎಸ್‌ಡಿಎ1 ಕಾಣಿಸ್ತು, ರೂಟ್ ಬದಲಾಯಿಸಿದ ತಕ್ಷಣ ಲಾಗಿನ್ ಪ್ರಾಂಪ್ಟ್. ಚೆಕ್‌ಪಾಯಿಂಟ್ ತಗೊಳ್ತಿದೀನಿ, ಯುಪಿಎಸ್ ಆಗ್ಲೇ ಕೂಗ್ತಿದೆ.