ಸಹಾಯ ಬೇಕು: ಒಂಟಿ ಕಾಲಿನ ಸ್ಕ್ವಾಟ್‌ನಲ್ಲಿ (ಬಸ್ಕಿಯಲ್ಲಿ) ಮಂಡಿ ಒಳಗೆ ವಾಲುತ್ತೆ

ನನ್ನ ತಮ್ಮನಿಗೆ 14 ವರ್ಷ. ಓಟ, ಜಿಗಿತ ಅಂದ್ರೆ ಪ್ರಾಣ, ಕಾಲಿಗೆ ಬಲ ಬರಲೇಬೇಕು ಅಂತ ಹಟ. ಜಿಮ್ ಇಲ್ಲ. ಇರೋದು 5 ಕೆಜಿಯ ಒಂದು ಜೊತೆ ಡಂಬೆಲ್, ಒಂದು ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದ್ರೆ ಹಿಗ್ಗೋ ರಬ್ಬರ್ ಪಟ್ಟಿ), ಮೆಟ್ಟಿಲು. (ಭಾರ ಎತ್ತಿದ್ರೆ ಎತ್ತರ ನಿಂತುಹೋಗುತ್ತೆ ಅನ್ನೋ ಮಾತು ದಯವಿಟ್ಟು ಬೇಡ. ಭಂಗಿ ಸರಿಯಿದ್ದು, ದೊಡ್ಡವರು ಪಕ್ಕದಲ್ಲಿದ್ರೆ ಹಾಗೇನೂ ಆಗಲ್ಲ.)

ಮೂರು ತಿಂಗಳಿಂದ ವಾರಕ್ಕೆ 3 ದಿನ, ನಡುವೆ ಬಿಡುವು ಕೊಟ್ಟು ಮಾಡಿಸ್ತಿದೀನಿ. ಮಾಮೂಲಿ ಸ್ಕ್ವಾಟ್ 15ರಿಂದ ಶುರುವಾಗಿ ಈಗ 40. ಉಸಿರು ಏರುತ್ತೆ ಅಷ್ಟೆ, ಕಾಲಿಗೆ ಏನೂ ಅನ್ನಿಸಲ್ಲವಂತೆ. ಎಣಿಕೆ ಏರಿಸ್ತಾ ಹೋದ್ರೆ ದಮ್ಮು ಬೆಳೆಯುತ್ತೆ, ಬಲ ಅಷ್ಟಾಗಿ ಬೆಳೆಯಲ್ಲ ಅಂತ ತಡವಾಗಿ ಅರ್ಥ ಆಯ್ತು. ಹಿಂದಿನ ಕಾಲನ್ನು ಮೆಟ್ಟಿಲ ಮೇಲಿಟ್ಟು, ಡಂಬೆಲ್ ಹಿಡಿದು ಸ್ಪ್ಲಿಟ್ ಸ್ಕ್ವಾಟ್: 12 ಸಲೀಸು. ಇಳಿಯೋಕೆ 4 ಸೆಕೆಂಡ್ ತಗೋ ಅಂದೆ. ಎರಡು ವಾರ ಒದ್ದಾಡಿದ, ಆಮೇಲೆ ಅದೂ ಹಗುರ.

ಸರಿ, ಒಂಟಿ ಕಾಲಿನ ಸ್ಕ್ವಾಟ್ ಅಂದ್ಕೊಂಡೆ. ಅಲ್ಲೇ ಸಿಕ್ಕಿಬಿದ್ದಿದೀವಿ. ಅರ್ಧ ಇಳಿಯೋಷ್ಟರಲ್ಲಿ ಎಡಮಂಡಿ ಒಳಕ್ಕೆ ವಾಲುತ್ತೆ, ಹಿಮ್ಮಡಿ ಮೇಲೇಳುತ್ತೆ. ನೋವಿಲ್ಲ. ಹಿಮ್ಮಡಿ ಕೆಳಗೆ ದಪ್ಪ ಪುಸ್ತಕ ಇಟ್ರೆ ಅದು ಸರಿಹೋಗುತ್ತೆ, ಮಂಡಿ ಮಾತ್ರ ಹಾಗೇ. ಮಂಡಿಗಳ ಮೇಲೆ ಬ್ಯಾಂಡ್ ಕಟ್ಟಿ ಪಕ್ಕಕ್ಕೆ ನಡೆಸಿದ್ದೂ ಆಯ್ತು.

ಇದು ಸೊಂಟದ ಪಕ್ಕದ ಸ್ನಾಯು ಸಾಲದೇ ಇರೋದಾ, ಇಲ್ಲ ನಾನೇ ಒಂದು ಹಂತ ಹಾರಿಸಿಬಿಟ್ನಾ? ಕುಳ್ಳ ಮೆಟ್ಟಿಲಿಂದ ನಿಧಾನಕ್ಕೆ ಸ್ಟೆಪ್ ಡೌನ್ (ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಕೆಳಗಿಳಿಸೋದು) ಮಾಡಿಸ್ಲಾ, ಅಥವಾ ಬೆನ್ನಿನ ಬ್ಯಾಗಿಗೆ ಭಾರ ತುಂಬಿ ಸ್ಪ್ಲಿಟ್ ಸ್ಕ್ವಾಟನ್ನೇ ಮುಂದುವರಿಸ್ಲಾ? ಎರಡರಲ್ಲಿ ಒಂದನ್ನೇ ಆರಿಸೋದಾದ್ರೆ ಯಾವುದು, ಎಷ್ಟು ಎಣಿಕೆ?