ಹೋಟೆಲಿನ ಕಾಫಿ ಚರಟದಲ್ಲಿ ದುಡ್ಡಿದೆಯಾ?

ಅಗ್ರಹಾರದ ಡಿಕಾಕ್ಷನ್:
ಮೈಸೂರಿನ ಅಗ್ರಹಾರದಲ್ಲಿ ನಮ್ದೊಂದು ಪುಟ್ಟ ಹೋಟೆಲು. ದಿನಕ್ಕೆ ಎಂಟು ಕೆಜಿ ಒದ್ದೆ ಚರಟ ಬೀಳುತ್ತೆ. ಅಪ್ಪನ ಕಾಲದಲ್ಲಿ ಹಿತ್ತಲ ದಾಸವಾಳದ ಬುಡಕ್ಕೆ ಸುರೀತಿದ್ರು. ಈಗ ಹಿತ್ತಲೇ ಇಲ್ಲ. ಮೊನ್ನೆ ಭಾವಮೈದ ಬಂದವನು "ಇದರಲ್ಲಿ ಎಣ್ಣೆ ಇದೆ, ಬಯೋಡೀಸೆಲ್ ಮಾಡ್ತಾರೆ, ಚಿನ್ನ ಬಿಸಾಕ್ತಿದ್ದೀಯ" ಅಂತ ತಲೆಗೆ ಹುಳ ಬಿಟ್ಟು ಹೋದ. ನಿಜವಾ? ನಮ್ಮ ಪುಡಿ 70:30, ಚಿಕೋರಿ ಬೆರೆತದ್ದು.

ಮಂಡ್ಯದ ಗಾಣ:
ಎಣ್ಣೆ ಇರೋದು ನಿಜ, ಒಣ ಚರಟದಲ್ಲಿ ಶೇ 10ರಿಂದ 15. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದವರು 2008ರಲ್ಲೇ ಅದರಿಂದ ಬಯೋಡೀಸೆಲ್ ಮಾಡಿ ತೋರಿಸಿದ್ರು. ಆದ್ರೆ "ಒಣ" ಅನ್ನೋದನ್ನ ಗಮನಿಸಿ. ನಿಮ್ಮ ಎಂಟು ಕೆಜಿಯಲ್ಲಿ ಹತ್ತಿರ ಹತ್ತಿರ ಐದು ಕೆಜಿ ಬರೀ ನೀರು. ಚಿಕೋರಿಯ ಬಹುಪಾಲು ಡಿಕಾಕ್ಷನ್‌ಗೇ ಇಳಿದಿರುತ್ತೆ, ಉಳಿದ ನಾರಲ್ಲಿ ಎಣ್ಣೆ ಹುಡುಕಬೇಡಿ. ಎಲ್ಲಾ ಸರಿಹೋದ್ರೂ ದಿನಕ್ಕೆ ಮುನ್ನೂರು ಗ್ರಾಂ, ಅದೂ ಹೆಕ್ಸೇನ್ ಹಾಕಿ ಎಳೆದ್ರೆ. ಹೆಕ್ಸೇನ್ ಅಂದ್ರೆ ಪೆಟ್ರೋಲ್ ಥರ, ಒಲೆ ಉರಿಯೋ ಕಡೆ ಬೇಡವೇ ಬೇಡ. ಗಾಣಕ್ಕೆ ಹಾಕ್ತೀನಿ ಅಂತೀರಾ? ನಾನು ಹಾಕಿ ನೋಡಿದೀನಿ. ಒಂದು ಹನಿ ಬರಲಿಲ್ಲ, ಗಾಣ ಬಿಚ್ಚಿ ತೊಳೆಯೋಕೆ ಅರ್ಧ ದಿನ ಹಿಡೀತು. ನಮ್ಮಪ್ಪ ಇವತ್ತಿಗೂ ಆಡಿಕೊಳ್ತಾರೆ.

ಸಿಮೆಂಟು ಮೇಸ್ತ್ರಿ:
ಎಣ್ಣೆ ಬಿಡಿ. ಆಸ್ಟ್ರೇಲಿಯಾದ ಮೆಲ್ಬರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯದವರು 2023ರಲ್ಲಿ ಚರಟವನ್ನ ಗಾಳಿ ಸೋಕದ ಹಾಗೆ 350 ಡಿಗ್ರಿಯಲ್ಲಿ ಸುಟ್ಟು ಇದ್ದಿಲು ಮಾಡಿ, ಕಾಂಕ್ರೀಟಿನ ಮರಳಲ್ಲಿ ಶೇ 15ರಷ್ಟು ತೆಗೆದು ಅದನ್ನ ಹಾಕಿದ್ರು. ಗಟ್ಟಿತನ ಸುಮಾರು ಶೇ 30 ಜಾಸ್ತಿಯಾಯ್ತು. ಮರಳಿಗೆ ಪರದಾಡೋ ನಮ್ಮಂಥವರ ಕಿವಿ ನೆಟ್ಟಗಾಗೋ ಸುದ್ದಿ. ಹಸಿ ಚರಟವನ್ನೇ ಕಲಸೋಕೆ ಹೋಗಬೇಡಿ, ಅದರಿಂದ ಬಿಡೋ ಅಂಶಗಳು ಕಾಂಕ್ರೀಟನ್ನೇ ಸಡಿಲ ಮಾಡ್ತವೆ.

ಅಗ್ರಹಾರದ ಡಿಕಾಕ್ಷನ್:
ಇದ್ದಿಲಿಗೂ ಮೊದಲು ಒಣಗಿಸಬೇಕಲ್ಲ! ಹೋದ ವಾರ ತಾರಸಿ ಮೇಲೆ ಗೋಣಿ ಹಾಸಿ ಹರವಿದ್ದೆ. ಮೋಡ ಕವಿದು ಮೂರೇ ದಿನಕ್ಕೆ ಬೂಷ್ಟು, ಮೇಲಿನ ಮನೆಯವರ ಬೈಗುಳ ಬೇರೆ.

ಪಟ್ಟಣದ ಅಣಬೆ:
ಬೂಷ್ಟು ಬಂತಾ, ಹಾಗಾದ್ರೆ ಅಣಬೇನೂ ಬರುತ್ತೆ. ಶ್ರೀರಂಗಪಟ್ಟಣದಲ್ಲಿ ಭತ್ತದ ಹುಲ್ಲಲ್ಲಿ ಚಿಪ್ಪಣಬೆ ಬೆಳೀತೀನಿ, ಕಾಲುಭಾಗ ಚರಟ ಬೆರೆಸಿದ್ರೆ ನಡೆಯುತ್ತೆ. ಒಣಗಿಸೋದು ಬೇಕಿಲ್ಲ. ಆದ್ರೆ ಅವತ್ತಿಂದೇ ಆಗಬೇಕು, ನಿನ್ನೇದು ಬೇಡ. ಎಷ್ಟೊತ್ತಿಗೆ ಬರಲಿ?

ಅಗ್ರಹಾರದ ಡಿಕಾಕ್ಷನ್:
ಹತ್ತೂವರೆ ಮೇಲೆ. ಬಕೆಟ್ ನೀವೇ ತನ್ನಿ, ಕಾಫಿ ನನ್ನ ಲೆಕ್ಕ.